ಮಂಗನ ಬಾಯಿಗೆ ಹಾಲು

ಬಿಸಿಲು ಜಗುಲಿಯ ಕಂಬದ ಬುಡಕ್ಕೆ ಬಂದಿದೆ, ಅಂದರೆ ಶಾಲೆಯ ಗಂಟೆ ಹೊಡೆಯುವ ಹೊತ್ತು, ಮಗಳು ಸರೋಜ ಚೀಲ ಹೆಗಲಿಗೆ ಹಾಕಿಕೊಂಡು ಆಗಲೇ ಹೋಗಿಯಾಯಿತು, ಊರಿಗೆಲ್ಲ ದಿನ ಶುರುವಾಗುವುದೇ ಈಗ, ಆದರೆ ದುಗ್ಗಮ್ಮನಿಗೆ ದಿನವೆಲ್ಲ ಗದ್ದೆಯಲ್ಲಿ ಬಗ್ಗಿ ನಟ್ಟಿ ಮಾಡಿ ಬಂದ ಹಾಗೆ ಸೊಂಟ ಹಿಡಿದಿದೆ, ಮಾಡಿದ ಘನಕಾರ್ಯವಾದರೂ ಏನು, ಎದ್ದದ್ದು, ಮುಖ ತೊಳೆದದ್ದು, ಕಡುಬಿನ ಹಿಟ್ಟು ಕಲಸಲು ಕೂತು ತಲೆ ತಿರುಗಿ ಹೊರಗೆ ಬಂದದ್ದು — ಹಿಟ್ಟು ಹಾಗೇ ಇದೆ, ಅತ್ತೆ ನೋಡುತ್ತಾರೆ, ನೋಡಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಾರೆ ಅಷ್ಟೆ, ಒಂದು ವರ್ಷದಿಂದ ಈ ಮನೆಯ ಪಾತ್ರೆಗಳೇ ಅವಳಿಗೆ ಬುದ್ಧಿ ಹೇಳುತ್ತಿವೆ. ಬೇಲಿಯಾಚೆಯಿಂದ ಪಕ್ಕದ ಮನೆ ಬೆಳ್ಳಪ್ಪನ ದನಿ, ವರದಕ್ಕಾ, ಹಲಸಿನ ಮರದ ಬುಡದಲ್ಲಿ ಮಂಗ ಸತ್ತು ಬಿದ್ದದೆ, ನಿಮ್ಮ ಮಂಜಯ್ಯ ಗುಂಡಿ ತೆಗೀತಾ ಇದಾನೆ, ಬೇಗ ಬನ್ನಿ — ಮಂಜಯ್ಯ ಅವಳ ಗಂಡ, ಮನೆಯ ಕೊಟ್ಟಿಗೆಯ ಮಾಡು ಸೋರಿದರೆ ಏಣಿ ಹತ್ತಲು ಪುರುಸೊತ್ತಿಲ್ಲ, ಇಂಥದ್ದಕ್ಕೆ ಮಾತ್ರ ಎಲ್ಲರಿಗಿಂತ ಮುಂದೆ. ಅತ್ತೆ ವರದಮ್ಮ ಆಗಲೇ ತಟ್ಟೆಗೆ ಕುಂಕುಮ, ದಾಸವಾಳ, ಹೊದೆಸಲು ಒಂದು ತುಂಡು ಬಿಳಿ ಬಟ್ಟೆ ಇಟ್ಟುಕೊಂಡಿದ್ದಾರೆ, ಮಂಗ ಸತ್ತರೆ ಈ ಊರಿಗೆ ಹನುಮಪ್ಪನೇ ಸತ್ತ ಲೆಕ್ಕ, ಮೈ ತೊಳೆದು, ಬಾಯಿಗೆ ಹಾಲು ಬಿಟ್ಟು ಮಣ್ಣು ಮಾಡಬೇಕು, ನಾಯಿನರಿಯ ಬಾಯಿಗೆ ಬಿಡಬಾರದು. ಏಳೇ ದುಗ್ಗಿ, ಈ ಸಲ ಹಾಲು ನೀನೇ ಬಿಡಬೇಕು, ಹೋದ ಸಲದ ದೋಷ ಇವತ್ತಿಗೆ ತೀರ್ತದೆ, ನೀನು ನಿಧಾನಕ್ಕೆ ಬಾ, ಗಿಂಡಿ ನಾನು ಹಿಡ್ಕಂಡು ಹೋಗಿರ್ತೀನಿ. ಅತ್ತೆಯ ದನಿಯಲ್ಲಿ ಸಿಟ್ಟಿಲ್ಲ, ಆಸೆಯಿದೆ.

ಹೋದ ಸಲದ ದೋಷ — ಹೋದ ವರ್ಷ ಶಿವರಾತ್ರಿಯ ಆಚೀಚೆ, ಅವಳು ಹೊರಗಾಗಿ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿದ್ದಾಗ, ದನಗಳ ಕಾಲಡಿಗೆ ಹಾಸಲೆಂದು ಕಾಡಿನಿಂದ ಗುಡಿಸಿ ತಂದ ದರಗಿನ ರಾಶಿಯೇ ಅವಳ ಹಾಸಿಗೆ, ಒಣಗಿದ ಎಲೆಯ ಬೆಚ್ಚನೆ ವಾಸನೆ, ಅಂಗಳದಲ್ಲಿ ಜನ ಸೇರಿದ ಸದ್ದಿಗೆ ಎದ್ದು ಕೊಟ್ಟಿಗೆಯ ಬಾಗಿಲಿನಿಂದ ಇಣುಕಿ ನೋಡಿದ್ದಳು, ನಾಲ್ಕು ಜನ ಹೊತ್ತ ಮಂಗ, ಹಣೆಗೆ ಕುಂಕುಮ, ಮುಟ್ಟಾದವಳು ನೋಡಿದಳಲ್ಲ ಎಂದು ಯಾರೋ ಅಂದರು, ಅಷ್ಟೇ, ಆಮೇಲೆ ಜ್ವರ ಬಂದದ್ದಕ್ಕೆ ಬೇರೆ ಕಾರಣ ಹುಡುಕುವ ಕೆಲಸವೇ ಯಾರಿಗೂ ಬೀಳಲಿಲ್ಲ. ಎಂಥ ಜ್ವರ ಅದು, ಕಣ್ಣು ಕೆಂಡ, ಕತ್ತಿನ ಹಿಂದೆ ಒನಕೆ ಕುಟ್ಟುವ ನೋವು, ವಸಡಿನಲ್ಲಿ ರಕ್ತ, ಬಾಡಿಗೆ ಜೀಪಿನಲ್ಲಿ ತೀರ್ಥಹಳ್ಳಿ ಆಸ್ಪತ್ರೆಗೆ ಹೋಗುವಾಗ ತಿರುವು ತಿರುವಿಗೂ ವಾಂತಿ, ಮಂಗನ ಕಾಯಿಲೆ ಎಂದರು ಡಾಕ್ಟರು, ಬಿಟ್ಟಿತು ಎಂದುಕೊಂಡ ಮೇಲೆ ಮತ್ತೊಮ್ಮೆ ಬಂತು, ಈ ಸಲ ತಲೆಯೊಳಕ್ಕೆ, ಮಗಳನ್ನು ಕಂಡು ಯಾರಿವಳು ಎಂದು ಕೇಳಿದಳಂತೆ, ಸರೋಜ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳಂತೆ — ಅದೊಂದು ನೆನಪಿಲ್ಲ, ನೆನಪಿಲ್ಲದ್ದೇ ಹೆಚ್ಚು ಚುಚ್ಚುತ್ತದೆ. ಜ್ವರ ಹೋಯಿತು, ಹೋಗುವಾಗ ಅವಳನ್ನೂ ಅರ್ಧ ಎತ್ತಿಕೊಂಡು ಹೋಯಿತು. ಕೊಡ ಎತ್ತಿದರೆ ಕೈ ನಡುಗುತ್ತದೆ, ಮಾತಿನ ನಡುವೆ ಮಾತು ಮರೆಯುತ್ತದೆ, ಮಧ್ಯಾಹ್ನಕ್ಕೆ ಕಾಲು ತನ್ನದಲ್ಲ, ಆದರೆ ಮೈಮೇಲೆ ಗಾಯವಿಲ್ಲ, ಹಣೆ ಮುಟ್ಟಿದರೆ ತಣ್ಣಗಿದೆ, ಕಾಣುವ ಹಾಗೆ ಏನಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಒಂದು ಹುಣ್ಣು, ಒಂದು ಕುಂಟು. ಜ್ವರ ಬಿಟ್ಟು ಎಷ್ಟು ಕಾಲ ಆಯ್ತೇ, ಇನ್ನೂ ಎಂತದು ನಿಂದು, ಗಂಡ ಬೈಯುವವನಲ್ಲ, ಕೇಳಿದ್ದು ನಿಜಕ್ಕೂ ತಿಳಿಯದೆ, ಅವಳಿಗಾದರೂ ಏನು ತಿಳಿದಿತ್ತು, ಎಂತದೋ ಸುಸ್ತು ಎಂದಳು, ಸುಸ್ತು ಎಂಬುದು ಎಷ್ಟು ಬಡಕಲು ಮಾತು, ಕೇಳಿದವರಿಗೆ ಸೋಮಾರಿ ಎಂದೇ ಕೇಳುತ್ತದೆ.

ಎದ್ದಳು, ಗೋಡೆ ಹಿಡಿದು, ಅಂಗಳ ದಾಟಿ ಕಾಲುದಾರಿಗೆ. ಅತ್ತೆ ಎಷ್ಟೋ ಮುಂದೆ. ಬೇಲಿ ದಾಟುವ ತಡಬೆಯ ಹತ್ತಿರ ಉಸಿರು ಮೇಲಕ್ಕೆ ಬಂತು, ಅಲ್ಲೇ ಮರದ ಮೆಟ್ಟಿಲ ಮೇಲೆ ಕೂತಳು, ಸ್ವಲ್ಪ, ಸ್ವಲ್ಪವೇ, ಕಣ್ಣು ಮುಚ್ಚಿದರೆ ಒಳಗೆಲ್ಲ ಕೆಂಪು. ಸಾಗರ ಪೇಟೆಯ ಕಡೆಯಿಂದ ಬರುತ್ತಾರಲ್ಲ, ಜೀಪಿನಲ್ಲಿ, ಕೋಲಿಗೆ ಬಿಳಿ ಬಟ್ಟೆ ಕಟ್ಟಿ ಕಾಡಿನ ನೆಲದ ಮೇಲೆ ಎಳೆದುಕೊಂಡು ಓಡಾಡುವ ಆರೋಗ್ಯ ಇಲಾಖೆಯವರು, ಊರು ಬಿದ್ದು ಬಿದ್ದು ನಕ್ಕಿತ್ತು, ಸರ್ಕಾರ ಸಂಬಳ ಕೊಟ್ಟು ಕಾಡು ಒರೆಸಲಿಕ್ಕೆ ಕಳಿಸಿದೆಯಂತೆ, ಆದರೆ ಎಳೆದ ಬಟ್ಟೆಯನ್ನು ತಿರುಗಿಸಿ ತೋರಿಸಿದಾಗ ಅವಳು ನಕ್ಕಿರಲಿಲ್ಲ, ಬಟ್ಟೆಯ ತುಂಬ ಉಣುಗು, ರಕ್ತ ಹೀರುವ ಹುಳ, ಎಳ್ಳಿಗಿಂತ ಸಣ್ಣವು, ನೋಡುತ್ತ ನಿಂತರೆ ನಡೆಯುತ್ತವೆ, ಸತ್ತ ಮಂಗನನ್ನು ಮುಟ್ಟಬೇಡಿ ಅಮ್ಮ, ಅದರ ಮೈ ತಣ್ಣಗಾದ ಕೂಡಲೇ ಇವು ಇಳಿದು ಬಿಸಿ ಮೈ ಹುಡುಕ್ತವೆ, ಕಚ್ಚಿದ್ರೆ ಇದೇ ಜ್ವರ, ನಮಗೆ ಸುದ್ದಿ ಕೊಡಿ ಸಾಕು ಎಂದಿದ್ದರು. ಹೇಳಬಹುದು ಇದನ್ನು ಅಲ್ಲಿ ಹೋಗಿ, ಕೈ ಅಡ್ಡ ಹಿಡಿದು, ಹೋದ ವರ್ಷ ಹೇಳಿದ್ದಳಲ್ಲ ಜ್ವರ ದರಗಿನ ಉಣುಗಿನದೇ ಕೆಲಸ ಎಂದು, ಅಜ್ಜನ ಕಾಲದಿಂದ ದರಗು ತರ್ತಾ ಇದ್ದೀವಿ, ನಮಗೆಲ್ಲ ಎಂತ ಆಗಿದೆ ಎಂದರು ಅತ್ತೆ, ವಾದಕ್ಕೆ ಬೇಕಾದ ಉಸಿರು ಅವಳಲ್ಲಿ ಇರಲಿಲ್ಲ. ಬೇಡ, ಬಿಟ್ಟುಬಿಡುವುದು ಹಾಲನ್ನು, ದೂರದಿಂದ ಒಂದು ಧಾರೆ, ಈ ಮೈಗೆ ಇನ್ನೇನು ಬರಲಿಕ್ಕೆ ಬಾಕಿಯಿದೆ — ಮತ್ತೆ, ಯಾರಿಗೆ ಗೊತ್ತು, ನಾಳೆ ಬೆಳಿಗ್ಗೆ ಎದ್ದಾಗ ಮೈ ಹಗುರ ಇದ್ದರೆ, ಕೊಡ ಸೊಂಟಕ್ಕೆ ಇಟ್ಟುಕೊಂಡು ಸರಸರ ಬಂದುಬಿಟ್ಟರೆ. ನಂಬಿಕೆಯಲ್ಲ ಅದು, ಬೇಸತ್ತ ಮೇಲೆ ಉಳಿಯುವ ಆಸೆ, ಅದಕ್ಕೆ ನಾಚಿಕೆಯೂ ಇಲ್ಲ. ಆಸೆಯಾದ ಮೇಲೆ ಇನ್ನೂ ಸ್ವಲ್ಪ ಕೂತಳು, ಹಿತವಾಗಿತ್ತು.

ಹಲಸಿನ ನೆರಳಿನಲ್ಲಿ ಜನ, ಗುಂಡಿಯೊಳಗೆ ಸೊಂಟದವರೆಗೆ ಇಳಿದ ಗಂಡ ಅವಳನ್ನು ಕಂಡು ನಕ್ಕ, ಎಷ್ಟು ಒಳ್ಳೆಯ ನಗೆ, ಬಂದ್ಯಾ, ನೋಡು ನಿನ್ನ ಮಗಳ ಭಕ್ತಿನ. ಮಗಳು ಶಾಲೆಯಲ್ಲಿದ್ದಾಳೆ. ಶಾಲೆಯ ಚೀಲ ಬೇರಿನ ಮೇಲಿದೆ. ನೀಲಿ ಲಂಗದ ಹುಡುಗಿ ನೆಲದ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಮಂಗನ ತಲೆ, ತಲೆಯನ್ನು ಒಂದು ಕೈಯಲ್ಲಿ ಆತುಕೊಂಡು, ಕೂಸಿಗೆ ಕುಡಿಸುವ ಹಾಗೆ, ಗಿಂಡಿ ಖಾಲಿ. ಅವ್ವ, ಶಾಲಿಗೆ ಹೋಗ್ತಾ ನಾನೇ ಮೊದ್ಲು ನೋಡಿದ್ದು, ಆವಾಗಿಂದ ನೊಣ ಹೊಡೀತಾ ಕೂತಿದೀನಿ, ನಿಂಗೆ ಇಷ್ಟು ದೂರ ಬರಾಕೆ ಆಗಾದಿಲ್ಲ ಅಂತ ಹಾಲು ನಾನೇ ಬಿಟ್ಟೆ, ಮಗಳು ಬಿಟ್ರೂ ಅವ್ವನಿಗೇ ಸಲ್ತದಂತೆ, ಅಜ್ಜಿ ಹೇಳಿದ್ರು, ಇನ್ನು ನಿಂಗೆ ವಾಸಿ ಆಗ್ತದೆ ಅವ್ವ. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ. ದುಗ್ಗಮ್ಮನ ಮೈಯಿಂದ ಆಸೆಯೆಲ್ಲ ಒಂದೇ ಸಲಕ್ಕೆ ಇಳಿದುಹೋಯಿತು, ಗೊತ್ತಿತ್ತು, ಅವಳಿಗೆ ಎಲ್ಲ ಗೊತ್ತಿತ್ತು, ತನಗಾದರೆ ಆಗಲಿ ಎಂದು ಬಿಟ್ಟುಕೊಟ್ಟಿದ್ದು ತನ್ನ ಮೈಯನ್ನು, ಇದನ್ನಲ್ಲ, ಏಳು ಸರೋಜ, ಏಳೇ, ಬಾ ಇಲ್ಲಿ, ಲಂಗ ಕೊಡವು, ಹುಡುಗಿ ಎದ್ದು ಬಂದು ಅವ್ವನ ಕೈ ಹಿಡಿದುಕೊಂಡಳು, ಯಾಕೆ ಅಳ್ತೀಯ, ನೋಡು, ಚೂರೂ ಚೆಲ್ಲಿಲ್ಲ — ಬೆರಳು ತೋರಿಸುತ್ತಿದ್ದಾಳೆ, ಹಾಲು ಮೆತ್ತಿದ ಬೆರಳು, ಬೆರಳ ಮೇಲೆ ಎಂತದೋ ಒಂದು ಚುಕ್ಕಿ, ಮಣ್ಣೇ ಇರಬೇಕು, ಮಣ್ಣೇ ಇರಲಿ, ಗುಂಡಿಯ ಮಣ್ಣು ಹಾರಿ ಬಿದ್ದಿರಬೇಕು, ಹಾಲು ಮೆತ್ತಿದ ಬೆರಳು, ಹಾಲನ್ನು ಸುತ್ತಿ ಬಳಸಿ, ಚುಕ್ಕಿ ನಡೆಯುತ್ತಿದೆ, ಹಾಲು ಮೆತ್ತಿದ ಬೆರಳು, ನಡೆಯುತ್ತಿದೆ, ಅಂಗೈ ಕಡೆಗೆ