ಇಪ್ಪತ್ತು ದಿನಕ್ಕೊಂದು ಇಲಿ

ತಮ್ಮ ಸತ್ತ ಮೇಲೆ ಅವನ ಸಾಮಾನುಗಳಲ್ಲಿ ಬೇಕೆನ್ನಲೂ ಆಗದ, ಬೇಡವೆನ್ನಲೂ ಆಗದ ವಸ್ತು ಒಂದೇ ಉಳಿಯಿತು: ಗಾಜಿನ ಪೆಟ್ಟಿಗೆಯಲ್ಲಿದ್ದ ಹಾವು. ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವಿನ ಜಾತಿಯ ಗಂಡು, ಮೂರೂವರೆ ಅಡಿ ಉದ್ದ. ಹೆದರಿದರೆ ತಲೆಯನ್ನು ಮೈಯ ಸುರುಳಿಯೊಳಗೆ ಹುದುಗಿಸಿ ಉಂಡೆಯಾಗುತ್ತಿತ್ತು. ಅದಕ್ಕೇ ಅವನು ಅದನ್ನು ಚೆಂಡು ಎನ್ನುತ್ತಿದ್ದ.

ತಮ್ಮ ಬೋರ್ಡು ಬರೆಯುವವನು. ಅಂಗಡಿಯೊಂದರ ಹೆಸರು ಮುಗಿಸುವ ಮೊದಲೇ ಏಣಿಯಿಂದ ಬಿದ್ದ. ಅಕ್ಕ ತೂಕದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಬೇರೆಯವರ ತಕ್ಕಡಿಗಳು ನಿಜ ಹೇಳುತ್ತಿವೆಯೇ ಎಂದು ನೋಡುವುದೇ ಅವಳ ಕೆಲಸ. ಅಲ್ಲಿ ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಜಿಡ್ಡಿಗೂ ತೂಕವಿರುತ್ತದೆ. ತಮ್ಮ ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ತಕ್ಕಡಿ ಅಂತಲೇ ಕರೆಯುತ್ತಿದ್ದ.

ಹಾವಿನ ಊಟದ ಲೆಕ್ಕ ಬರೆದಿಡುವ ಪುಸ್ತಕವೊಂದನ್ನು ಅವನು ಬಿಟ್ಟು ಹೋಗಿದ್ದ. ಮೊದಲ ಪುಟದಲ್ಲಿ, ಎಡಚನಾಗಿದ್ದ ಅವನ ಹಿಂದಕ್ಕೆ ವಾಲಿದ ಅಕ್ಷರಗಳಲ್ಲಿ ಹೀಗಿತ್ತು: ಹದಿನಾಲ್ಕು ದಿನಕ್ಕೊಂದು ಇಲಿ. ಹಾವಿನ ನಡುವಿಗಿಂತ ಇಲಿ ದಪ್ಪ ಇರಬಾರದು. ತಿಂದ ಮೇಲೆ ಎರಡು ದಿನ ಮುಟ್ಟಬಾರದು. ತಿನ್ನದಿದ್ದರೆ ಬಲವಂತ ಬೇಡ, ಕಾಯಬೇಕು.

ಅವಳು ಕಾದಳು. ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಮಲಗಿದ್ದ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ಆಡಿಸಿದಳು. ಚೆಂಡು ಉಂಡೆಯಾಯಿತು. ಎರಡು ವಾರ ಬಿಟ್ಟು ಮತ್ತೆ ಕೊಟ್ಟಾಗಲೂ ಉಂಡೆಯೇ. ಗಂಡು ಹಾವುಗಳು ತಿಂಗಳುಗಟ್ಟಲೆ ಉಪವಾಸ ಕೂರುವುದುಂಟು, ಗಾಬರಿ ಬೇಡ, ತೂಕ ನೋಡ್ತಾ ಇರಿ ಎಂದರು ಪಶುವೈದ್ಯರು. ಮೈತೂಕದ ಹತ್ತರಲ್ಲೊಂದು ಪಾಲು ಇಳಿದರೆ ಮಾತ್ರ ಆಸ್ಪತ್ರೆಗೆ ತರಬೇಕಂತೆ.

ತಮ್ಮ ಹೋದಾಗ ಅದರ ತೂಕ ಸಾವಿರದ ಐನೂರ ಹತ್ತು ಗ್ರಾಂ. ಪ್ರತಿ ಭಾನುವಾರ ಬೆಳಿಗ್ಗೆ ಅಷ್ಟಿಷ್ಟು ಇಳಿಯುತ್ತಾ ಸಾವಿರದ ಮುನ್ನೂರ ಎಪ್ಪತ್ತೆಂಟಕ್ಕೆ ಬಂತು. ಇನ್ನು ಇಪ್ಪತ್ತು ಗ್ರಾಂ ಇಳಿದರೆ ಅಪಾಯ. ತಮ್ಮನ ಕೈಗೆ ಒಗ್ಗಿಕೊಂಡಿದ್ದ ಜೀವಗಳಲ್ಲಿ ತನ್ನನ್ನೂ ಅಮ್ಮನನ್ನೂ ಬಿಟ್ಟರೆ ಇದೊಂದೇ ಉಳಿದಿದೆ, ಇದನ್ನೂ ತನ್ನ ಕೈಯಾರೆ ಕಳೆಯುತ್ತೇನೆಯೇ ಎಂಬ ದಿಗಿಲು ಅವಳಿಗೆ ಅಂಟಿಕೊಂಡಿತು.

ಮುಂದಿನ ಭಾನುವಾರ ತೂಕ ಮೂವತ್ತು ಗ್ರಾಂ ಹೆಚ್ಚಾಗಿತ್ತು.

ಅವಳು ಮೊದಲು ಅನುಮಾನಪಟ್ಟದ್ದು ತಕ್ಕಡಿಯನ್ನು. ಕೆಲಸದ ಜಾಗದಿಂದ ಬಟ್ಟುಗಳನ್ನು ತಂದು ಪರೀಕ್ಷಿಸಿದಳು, ತಕ್ಕಡಿ ಸರಿಯಾಗಿಯೇ ಇತ್ತು. ನೀರು ಕುಡಿದಿರಬಹುದೆಂದು ಬೋಗುಣಿಗೆ ಗೆರೆ ಹಾಕಿಟ್ಟಳು, ನೀರು ಗೆರೆಗಿಂತ ಕೂದಲೆಳೆಯಷ್ಟು ಕೆಳಗಿತ್ತು ಅಷ್ಟೇ. ಫ್ರೀಜರಿನಲ್ಲಿ ಹನ್ನೆರಡು ಪೊಟ್ಟಣಗಳಿದ್ದವು, ಹನ್ನೆರಡೂ ಹಾಗೇ ಇದ್ದವು. ಅದರ ಮುಂದಿನ ವಾರ ಇನ್ನೂ ನಲವತ್ತು ಗ್ರಾಂ. ಹಾವು ಏನನ್ನೂ ತಿನ್ನದೆ ಬೆಳೆಯುತ್ತಿತ್ತು. ಪೆಟ್ಟಿಗೆಯ ಮುಂದೆ ಕೂತ ಅವಳನ್ನು ಅದು ರೆಪ್ಪೆಯಿಲ್ಲದ ಕಣ್ಣುಗಳಿಂದ ನೋಡುತ್ತಿತ್ತು. ನಾಲಿಗೆಯನ್ನು ಮಾತ್ರ ಅವಳ ಕಡೆಗಲ್ಲ, ಅವಳ ಹಿಂದೆ ತೆರೆದಿದ್ದ ಬಾಗಿಲಿನ ಕಡೆಗೆ ಚಾಚುತ್ತಿತ್ತು.

ಅಮ್ಮನನ್ನು ಕೇಳಿದ್ದಕ್ಕೆ, ಬೊಜ್ಜು ಬರೋಕೆ ತಿನ್ನಲೇಬೇಕು ಅಂತೇನಿಲ್ಲ, ನಿಮ್ಮ ದೊಡ್ಡಮ್ಮನ್ನೇ ನೋಡು, ಗಾಳಿ ಕುಡಿದ್ರೂ ಊದ್ತಾಳೆ ಎಂದು ನಕ್ಕುಬಿಟ್ಟರು. ಆರು ತಿಂಗಳಿಂದ ಅಮ್ಮ ನಕ್ಕಿರಲಿಲ್ಲ. ಅವಳ ಗಮನ ಆ ನಗುವಿನ ಮೇಲೇ ನಿಂತಿತು, ಉತ್ತರದ ಮೇಲೆ ನಿಲ್ಲಲಿಲ್ಲ.

ಬುಧವಾರ ಪ್ರಯೋಗಾಲಯದಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮಧ್ಯಾಹ್ನಕ್ಕೇ ಕಳಿಸಿದರು. ಮನೆಯ ಬಾಗಿಲು ತೆರೆದೊಡನೆ, ತಮ್ಮ ಬಣ್ಣಕ್ಕೆ ಬೆರೆಸುತ್ತಿದ್ದ ಟರ್ಪೆಂಟೈನ್ ವಾಸನೆ ಬಂತು. ತಮ್ಮನ ಕೋಣೆಯಲ್ಲಿ, ಕಿಟಕಿಯ ಬಿಸಿಲಿಗೆ ಬೆನ್ನು ಮಾಡಿ, ನೀಲಿ ಚೌಕಳಿ ಅಂಗಿ ತೊಟ್ಟು ಅವನು ಪೆಟ್ಟಿಗೆಯ ಮೇಲೆ ಬಾಗಿದ್ದ. ಎಡಗೈಯಲ್ಲಿ ಇಕ್ಕಳ. ಹಾವು ಸರಕ್ಕನೆ ಎಗರಿ ಇಲಿಯನ್ನು ಹಿಡಿದು ಸುತ್ತಿಕೊಂಡಿತು.

"ತಗೋ ದೊರೆ, ನಿಧಾನ," ಎಂದಿತು ಆ ಬೆನ್ನು. ತಮ್ಮ ಹೇಳುತ್ತಿದ್ದ ಮಾತು, ಅಮ್ಮನ ಗಂಟಲಿನಲ್ಲಿ.

ಅಮ್ಮ ತಿರುಗಿದಾಗ ಅವರ ಮುಖದಲ್ಲಿ ಸಿಕ್ಕಿಬಿದ್ದವರ ಗಾಬರಿಯಿರಲಿಲ್ಲ. ನಿದ್ದೆಯಲ್ಲಿದ್ದವರನ್ನು ಎಬ್ಬಿಸಿದಂತೆ ಬೇಸರವಿತ್ತು. ನಿಧಾನವಾಗಿ ಎಲ್ಲ ಹೇಳಿದರು. ಇಲಿ ಮಾರುವವನು, ಮಗ ಹೇಳಿಟ್ಟಿದ್ದ ಪ್ರಕಾರ, ಇನ್ನೂ ಮನೆಗೆ ತಂದುಕೊಟ್ಟು ಹೋಗುತ್ತಿದ್ದ, ಅದಕ್ಕೇ ಫ್ರೀಜರಿನ ಹನ್ನೆರಡು ಹನ್ನೆರಡಾಗಿಯೇ ಉಳಿದಿತ್ತು. ಮಗನ ಕೊನೆಯ ಅಂಗಿಯನ್ನು ಅವರು ಒಗೆಯದೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟಿದ್ದರು. ಒಂದು ದಿನ ತಡೆಯಲಾರದೆ ತೊಟ್ಟುಕೊಂಡು ಈ ಕೋಣೆಯಲ್ಲಿ ಕೂತಿದ್ದಾಗ, ಉಂಡೆಯಾಗಿದ್ದ ಚೆಂಡು ತಾನಾಗಿ ಬಿಚ್ಚಿಕೊಂಡು ಗಾಜಿನ ಹತ್ತಿರ ಬಂತು.

"ನಾನು ಕೊಡ್ತಿಲ್ಲ ಕಣೇ," ಎಂದರು ಅಮ್ಮ. "ಅದು ನನ್ನ ಕೈಯಿಂದ ಒಂದಿನಾನೂ ತಿಂದಿಲ್ಲ. ಅವನೇ ಕೊಡೋದು."

ಅವಳು ಪೆಟ್ಟಿಗೆಯ ಮುಚ್ಚಳ ಮುಚ್ಚಿದಳು. ಹಾವು ಬದುಕಿತು, ಅಮ್ಮ ನಗುತ್ತಿದ್ದಾರೆ, ಸಾಕು ಎಂದುಕೊಂಡಳು. ಅಮ್ಮ ಎಡಚರಲ್ಲ ಎಂಬುದನ್ನು ನೆನೆಯದಿರಲು ಪ್ರಯತ್ನಪಟ್ಟಳು.

ಆದರೆ ಮೂರು ತಿಂಗಳಲ್ಲಿ ಚೆಂಡಿನ ತೂಕ ಸಾವಿರದ ಎಂಟುನೂರು ದಾಟಿತು. ಹದಿನಾಲ್ಕು ದಿನದ ಊಟ ಏಳಕ್ಕೆ, ಏಳು ಐದಕ್ಕೆ ಇಳಿದಿತ್ತು. ವೈದ್ಯರು ಅದರ ಬಾಲದ ಬುಡದ ಮಡಿಕೆಗಳನ್ನು ಒತ್ತಿ ನೋಡಿದರು. ಇದು ಪ್ರೀತಿಯಲ್ಲ ತಾಯಿ, ಕೊಲೆ ಎಂದು ನೇರವಾಗಿ ಹೇಳಿಬಿಟ್ಟರು. ಈ ಕೊಬ್ಬು ಒಳಗೆ ಪಿತ್ತಜನಕಾಂಗವನ್ನೇ ಹಿಡಿಯುತ್ತದೆ. ಇಪ್ಪತ್ತು ದಿನಕ್ಕೊಂದು, ಅದೂ ಚಿಕ್ಕ ಇಲಿ. ಇಲ್ಲದಿದ್ದರೆ ಈ ವರ್ಷ ದಾಟುವುದಿಲ್ಲ.

ಹಾವು ಸತ್ತರೆ ಅಮ್ಮನಿಗೆ ಮಗ ಮತ್ತೊಮ್ಮೆ ಸಾಯುತ್ತಾನೆ. ಊಟ ತಪ್ಪಿಸಿದರೆ ಐದು ದಿನಕ್ಕೊಮ್ಮೆ ಬರುವವನು ಬರುವುದಿಲ್ಲ. ರೋಗದ ಹೆದರಿಕೆ ಅಮ್ಮನಿಗೆ ನಾಟಲಿಲ್ಲ, ಹಸಿದವರಿಗೆ ಹಾಕಬೇಡ ಅನ್ನೋ ಡಾಕ್ಟರು ಎಂಥವನು ಎಂದರು. ಕೊನೆಗೆ ಅವಳು ತನಗೆ ಗೊತ್ತಿದ್ದ ವಿದ್ಯೆಯಲ್ಲೇ ಮಾತಾಡಿದಳು.

"ವಾಸನೆಗೂ ತೂಕ ಇರುತ್ತೆ ಅಮ್ಮ. ಒಂದೊಂದು ಸಲ ಗಂಟು ಬಿಚ್ಚಿದಾಗಲೂ ಒಂಚೂರು ಹಾರಿಹೋಗುತ್ತೆ. ಅಷ್ಟೂ ಹೋದ ಮೇಲೆ ಅದು ಬರೀ ಬಟ್ಟೆ."

ಅಮ್ಮ ಚೀಲವನ್ನು ಎದೆಗೆ ಅವುಚಿಕೊಂಡರು. "ಇಪ್ಪತ್ತು ದಿನ ಅಂದ್ಯಾ?" ಎಂದು ಕೇಳಿದರು.

ಅಮ್ಮ ಒಪ್ಪಿದ ಮಾತು ತಪ್ಪಲಿಲ್ಲ. ಚೀಲ ಅಕ್ಕನ ಬೀರುವಿಗೆ ಬಂತು, ಬೀಗದಕೈ ಅವಳ ಸೊಂಟಕ್ಕೆ. ಎಷ್ಟೋ ತಿಂಗಳ ನಂತರ ಭಾನುವಾರದ ತೂಕ ಮತ್ತೆ ಇಳಿಯಿತು. ಇಪ್ಪತ್ತನೆಯ ದಿನ ಬೆಳಿಗ್ಗೆ ಅಮ್ಮ ಒಂದು ಕುರ್ಚಿಯನ್ನು ಆ ಕೋಣೆಯ ಬಾಗಿಲಿಗೆ ಎಳೆದುಕೊಂಡು ಕೂತರು.

"ಈ ಸಲ ನೀನು ಹಾಕ್ಕೋ," ಎಂದರು. "ನಾನು ತೊಟ್ಟಾಗ ನಂಗೆ ಅವನು ಕಾಣಿಸಲ್ಲ. ಒಂದು ಸಲ ನೋಡ್ಬೇಕು."

ಅವಳು ಬೀರುವಿನ ಬೀಗ ತೆಗೆದು ಚೀಲದ ಗಂಟು ಬಿಚ್ಚಿದಳು. ಅಂಗಿ ತಣ್ಣಗಿತ್ತು. ಗುಂಡಿ ಹಾಕುವಷ್ಟರಲ್ಲಿ ಟರ್ಪೆಂಟೈನ್ ವಾಸನೆ, ಅದರ ಕೆಳಗೆ ಬೆವರು, ಅದರ ಕೆಳಗೆ ಇನ್ನೇನೋ. ಚೆಂಡು ಬಿಚ್ಚಿಕೊಂಡಿತು. ಇಷ್ಟು ತಿಂಗಳಲ್ಲಿ ಅದು ಅವಳತ್ತ ನಾಲಿಗೆ ಚಾಚಿದ್ದು ಅದೇ ಮೊದಲು. ಅದು ಇಕ್ಕಳದಿಂದ ಇಲಿಯನ್ನು ಕಿತ್ತುಕೊಂಡ ಸೆಳೆತ ಅವಳಿಗೆ ಭುಜದವರೆಗೂ ತಿಳಿಯಿತು.

"ತಗೋ ದೊರೆ, ನಿಧಾನ," ಎಂದಳು. ಹೇಳಬೇಕೆಂದುಕೊಂಡಿರಲಿಲ್ಲ.

"ಊಟ ಮಾಡ್ಕೊಂಡು ಹೋಗೋ," ಎಂದರು ಹಿಂದಿನಿಂದ ಅಮ್ಮ, ಅವನಿಗೆ ದಿನಾ ಹೇಳುತ್ತಿದ್ದ ಹಾಗೆ.

"ಬಣ್ಣ ಒಣಗಿಬಿಡತ್ತೆ ಅಮ್ಮ, ಬಂದು ಮಾಡ್ತೀನಿ." ಅವನು ದಿನಾ ಹೇಳುತ್ತಿದ್ದ ಉತ್ತರ. ದನಿ ತನ್ನದೇ ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಿರುಗಿ ನೋಡಿದರೆ ಅಮ್ಮನ ಮುಖ ಬೆಳಗುತ್ತಿತ್ತು. ಆ ಮುಖ ಅವಳನ್ನು ನೋಡುತ್ತಿರಲಿಲ್ಲ. ಮಗಳೊಬ್ಬಳು ಮನೆಯಲ್ಲಿದ್ದಾಳೆಂಬುದೇ ಆ ಕಣ್ಣುಗಳಿಗೆ ನೆನಪಿದ್ದಂತಿರಲಿಲ್ಲ. ಅದರಿಂದ ತನಗೇನೂ ನೋವಾಗಲಿಲ್ಲ ಎಂಬುದೇ ಅವಳಿಗೆ ವಿಚಿತ್ರವೆನಿಸಿತು.

ಪೆಟ್ಟಿಗೆ ಮುಚ್ಚಿ ಅವಳು ಪುಸ್ತಕ ತೆಗೆದಳು. ಮುಂದಿನ ಊಟದ ದಿನ ಬರೆಯಬೇಕಿತ್ತು. ಬೆರಳುಗಳ ಮೇಲೆ ಇಪ್ಪತ್ತು ಎಣಿಸಹೊರಟವಳು ಹತ್ತಕ್ಕೆ ನಿಂತಳು. ಜೀವಮಾನದಲ್ಲಿ ಒಂದು ಮಿಲಿಗ್ರಾಮನ್ನೂ ಹೆಚ್ಚುಕಮ್ಮಿ ಬರೆದವಳಲ್ಲ. ಅಂಗಿಯಲ್ಲಿ ಇನ್ನೂ ಸಾಕಷ್ಟು ವಾಸನೆಯಿತ್ತು. ಚೆಂಡು ಇಲಿಯ ಕೊನೆಯ ತುದಿಯನ್ನು ನುಂಗುತ್ತಾ ಅವಳನ್ನೇ ನೋಡುತ್ತಿತ್ತು.

ಹತ್ತು ದಿನದಾಚೆಯ ತಾರೀಖು ಬರೆದಳು. ಶಾಯಿ ಆರುವ ಮೊದಲು ಅಕ್ಷರಗಳನ್ನು ಒಮ್ಮೆ ನೋಡಿದಳು. ಅವು ಹಿಂದಕ್ಕೆ ವಾಲಿದ್ದವು.