ಎರಡನೇ ಚುಚ್ಚುಮದ್ದು ತಪ್ಪಿದ ಮರಿ

ಟೈಲರ್ ಮನೆಯ ನಾಯಿಮರಿ ವಾಂತಿ, ರಕ್ತಭೇದಿಯಾಗಿ ಮೂರೇ ದಿನದಲ್ಲಿ ಸತ್ತಿತು. "ಅದರ ಹಣೆಬರಹ" ಎಂದು ಟೈಲರ್ ಕೈ ತೊಳೆದುಕೊಂಡ. ಮಗಳು ಮಾತ್ರ ಅತ್ತೂ ಅತ್ತೂ ಸೊರಗಿದಳು. ಅದನ್ನು ನೋಡಲಾರದೆ ತಿಂಗಳೊಳಗೆ ಇನ್ನೊಂದು ಮರಿ ತಂದ. ಎರಡು ತಿಂಗಳ ಕರಿ ಮರಿ. ಗಾತ್ರ ಅಂಗೈಯಷ್ಟು, ಗತ್ತು ಹುಲಿಯದು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಮರಿ ಮಲಗುತ್ತಿದ್ದದ್ದು, ಸತ್ತದ್ದು, ಹೊಲಿಗೆ ಯಂತ್ರದ ಕೆಳಗಿದ್ದ ಪುಟ್ಟ ಹಾಸಿಗೆಯ ಮೇಲೆ. ಬಟ್ಟೆಚೂರು ತುಂಬಿ ಟೈಲರನೇ ಹೊಲಿದದ್ದು. ಗೇಣುದ್ದದ ಚೂರನ್ನೂ ಬಿಸಾಡದ ಕೈ ಅವನದು. ಮೇಲಿನ ಕವಚವನ್ನಷ್ಟೇ ಒಗೆದು, ಅದೇ ಹಾಸಿಗೆಯನ್ನು ಹೊಸ ಮರಿಗೆ ಹಾಸಿದ.

ಪುಣ್ಯಕ್ಕೆ ಮೊದಲ ಚುಚ್ಚುಮದ್ದು ಹಾಕಿಸಿದ್ದ. ಆಸ್ಪತ್ರೆಯವರು ಚೀಟಿಯಲ್ಲಿ ಬರೆದುಕೊಟ್ಟಿದ್ದ ಎರಡನೆಯದರ ತಾರೀಖು ಬಂದಾಗ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ.

"ರೀ, ಮರೀನ ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದಳು ಹೆಂಡತಿ.

"ಒಂದು ಆಗಿದೆಯಲ್ಲೇ! ನಮ್ಮಜ್ಜನ ಕಾಲದಲ್ಲಿ ಯಾವ ನಾಯಿಗೆ ಸೂಜಿ ಚುಚ್ಚಿದ್ರು?"

"ಆಗ ಎಷ್ಟು ಮರಿ ಸತ್ವು ಅಂತ ಬರೆದಿಟ್ಟೋರು ಯಾರು?"

ಅವನು ಯಂತ್ರ ತುಳಿಯತೊಡಗಿದ.

ಹತ್ತು ದಿನ ಕಳೆದಿರಬೇಕು. ಮರಿ ಊಟ ಬಿಟ್ಟಿತು. ಮರುದಿನ ಬೆಳಿಗ್ಗೆ ಹಾಸಿಗೆ ತುಂಬ ರಕ್ತ. ಬಾಗಿಲಲ್ಲೇ ನಿಂತ ಮಗಳು, "ಅಪ್ಪಾ, ಅದೇ ವಾಸನೆ," ಎಂದಳು.

ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಅವನ ಅತ್ತಿಗೆ ಮರಿಯ ಕಾಲಿಗೆ ಡ್ರಿಪ್ ಹಾಕಲು ಡಾಕ್ಟರಿಗೆ ನೆರವಾದಳು. ಆಮೇಲೆ ಮೈದುನನತ್ತ ತಿರುಗಿದಳು.

"ಪಾರ್ವೊ ರೋಗ ಕಣೋ. ಎರಡನೇದು ಯಾಕೆ ಹಾಕಿಸಲಿಲ್ಲ?"

"ಒಂದು ಹಾಕಿಸಿದ್ದೆನಲ್ಲ, ಅತ್ತಿಗೆ..."

"ಕಚ್ಚಾ ಹೊಲಿಗೆ ಹಾಕಿದ ಬ್ಲೌಸನ್ನ ಗಿರಾಕಿಗೆ ತೊಡಿಸಿ ಕಳಿಸ್ತೀಯಾ? ಮೊದಲನೇದು ಕಚ್ಚಾ ಹೊಲಿಗೆ ಇದ್ದಂಗೆ. ತಾಯಿ ಹಾಲಿಂದ ಬಂದ ರೋಗ ತಡೆಯೋ ಶಕ್ತಿ ಕರಗೋ ಹೊತ್ತಿಗೆ ಮುಂದಿನದು ಬೀಳಬೇಕು. ಮೂರ್ನಾಲ್ಕು ವಾರಕ್ಕೊಂದು, ಮರಿಗೆ ನಾಲ್ಕು ತಿಂಗಳಾಗೋ ತನಕ. ಹೋಗ್ಲಿ, ಅದು ಮಲಗ್ತಿದ್ದದ್ದು ಎಲ್ಲಿ?"

ಅವನು ಹೇಳಿದ. ಅತ್ತಿಗೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ! ಆ ರೋಗದ ವೈರಸ್ಸು ನೆಲದಲ್ಲಿ, ಬಟ್ಟೇಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಸಾವಿನ ಮೇಲೇ ಮಲಗಿಸಿದ್ದೀಯಲ್ಲೋ!"

ಎರಡನೇ ದಿನ ಸಂಜೆ ಮರಿ ಸತ್ತಿತು. ಈ ಸಲ ಮಗಳು ಅಳಲಿಲ್ಲ, ಅಪ್ಪನ ಜೊತೆ ಮಾತನ್ನೂ ಆಡಲಿಲ್ಲ. ಟೈಲರ್ ಹಾಸಿಗೆ ಸುಟ್ಟ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆಲ ಉಜ್ಜಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವಾರದ ನಂತರ, ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎಂದು ಕರೆಯುವ ನೆರೆಯಾಕೆ ಮಡಿಲಲ್ಲಿ ಒಂದು ಮರಿ ಇಟ್ಟುಕೊಂಡು ಬಂದಳು. "ಮಗಳನ್ನ ಕರಿ, ಸ್ವಲ್ಪ ಆಡಿಸಿಕೊಳ್ಲಿ ಪಾಪ," ಎನ್ನುತ್ತ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಅಲ್ಲೇ ನಿಲ್ಲಿ! ಒಳಗೆ ಬರಬೇಡಿ!"

ಆಕೆಯ ಮುಖ ಸಣ್ಣಗಾಯಿತು. "ಇದೇನಪ್ಪಾ, ಹೀಗೆ ಅಟ್ಟೋದು?"

"ನಿಮ್ಮನ್ನಲ್ಲ ಅಕ್ಕಾ, ಆ ಮರೀನ. ಎಷ್ಟು ತೊಳೆದರೂ ಈ ನೆಲದ ಮೇಲೆ ನನಗೆ ನಂಬಿಕೆ ಇಲ್ಲ. ಎರಡನೇ ಮರಿ ಹಣೆಬರಹದಿಂದ ಸಾಯಲಿಲ್ಲ. ನಾನೇ ಕೊಂದೆ." ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟ.

ಒಳಗಿನಿಂದ ಮಗಳು ಬಂದಳು. "ಅದಕ್ಕೆ ಎಷ್ಟು ಚುಚ್ಚುಮದ್ದು ಆಗಿದೆ?"

"ಒಂದೂ ಇಲ್ಲ ಕಣಮ್ಮ."

ಮಗಳು ಅಪ್ಪನ ಮುಖ ನೋಡಿದಳು. "ನಡೀ ಅಪ್ಪಾ, ದೊಡ್ಡಮ್ಮನ ಹತ್ತಿರ ಹೋಗೋಣ." ಅಷ್ಟು ದಿನಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು ಅದು. ನಡುಮಧ್ಯಾಹ್ನ ಅಂಗಡಿಗೆ ಬೀಗ ಬಿತ್ತು. ಇಸ್ತ್ರಿ ಅಕ್ಕನ ಮಡಿಲಿಂದ ಮರಿ ಇಣುಕಿ ಇಣುಕಿ ನೋಡುತ್ತಿತ್ತು. ತನ್ನಿಂದ ರೋಗ ಅಂಟೀತೆಂದು ಮಗಳು ನಾಲ್ಕು ಮಾರು ದೂರದಲ್ಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಆಸ್ಪತ್ರೆಯವರೆಗೂ ನಡೆದಳು.

ಅಣ್ಣಂದಿರಾ, ಅಕ್ಕಂದಿರಾ, ಮರಿ ತಂದಿದ್ದರೆ ಅದರ ಆರರಿಂದ ಎಂಟು ವಾರದ ವಯಸ್ಸಿನೊಳಗೆ ಮೊದಲ ಚುಚ್ಚುಮದ್ದಿಗೆ ಪಶು ಆಸ್ಪತ್ರೆಗೆ ಒಯ್ಯಿರಿ. ಜಂತುಹುಳುವಿನ ಔಷಧಿ ಕೇಳಿ ಪಡೆಯಿರಿ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬೇಡಿ. ಅದು ನಿಮ್ಮ ಮಕ್ಕಳನ್ನೂ ಕಾಯುತ್ತದೆ. ಎಲ್ಲ ಚುಚ್ಚುಮದ್ದು ಮುಗಿಯುವವರೆಗೆ ಬೀದಿಗೆ ಬಿಡಬೇಡಿ, ಸತ್ತ ಮರಿಯ ಹಾಸಿಗೆ, ಬಟ್ಟಲು ಕೊಡಬೇಡಿ. ಚೀಟಿಯ ಮೇಲಿನ ತಾರೀಖು ಮರಿಗೆ ಓದಲು ಬರುವುದಿಲ್ಲ. ನಿಮಗೆ ಬರುತ್ತದೆ.