ಶಾಲಿನಡಿಯ ಕೆಂಬೂತ

ಹತ್ತಿರ ಯಾರೂ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ಭಾನುಮತಿ ಪೆಟ್ಟಿಗೆಯಲ್ಲಿ ಮಲಗಿಸಿದ್ದ ಗಂಡನ ಎದೆಯ ಮೇಲಿನ ಶಾಲನ್ನು ಎತ್ತಿ ಚಿತ್ರವನ್ನು ಒಳಗೆ ಸರಿಸಿದಳು. ಆಮೇಲೆ ಶಾಲನ್ನು ಅವನ ಗಲ್ಲದವರೆಗೆ ಎಳೆದಳು.

ಕೆಂಬೂತದ ಚಿತ್ರ. ಕೆಳಗೆ 1782 ಎಂದು ಇಸವಿ. ದ್ವಾರಕಾನಾಥ ಮ್ಯಾನ್‌ಹಟನ್ನಿನ ಲೈಬ್ರರಿಯೊಂದರಲ್ಲಿ ಇಂಥ ಹಳೆಯ ಹಕ್ಕಿಚಿತ್ರಗಳ ಹರುಕು ಸರಿಮಾಡುವ ಕೆಲಸದಲ್ಲಿದ್ದ. ನಿನ್ನೆ ಅವನಿಗೆ ಉಡಿಸಲು ಪಂಚೆ ಹುಡುಕುವಾಗ, ಅವಳ ರೇಷ್ಮೆ ಸೀರೆಗಳ ಅಡಿಯಲ್ಲಿ ಇದು ಸಿಕ್ಕಿತ್ತು. ಕದ್ದದ್ದಲ್ಲದೆ ಇನ್ನೇನು?

"ಅಕ್ಕಾ, ಭಾವನ ಆಫೀಸಿನ ಟೋನಿ ಬಂದಿದಾನೆ," ಎಂದ ತಮ್ಮ ಹರಿ. "ನಿನ್ಹತ್ರ ಏನೋ ಮಾತಾಡ್ಬೇಕಂತೆ."

"ಹೆಣ ಮುಂದಿಟ್ಕೊಂಡು ಎಂಥ ಮಾತೋ? ಆಮೇಲೆ ಅನ್ನು."

ಇದೇ ಟೋನಿ ಮೊನ್ನೆ ಫೋನ್ ಮಾಡಿ, ಮನೆಯಲ್ಲಿ ಹಕ್ಕಿಯ ಚಿತ್ರವೇನಾದರೂ ಇದೆಯೇ ಎಂದು ವಿಚಾರಿಸಿದ್ದ. ಇಲ್ಲವೆಂದು ಫೋನ್ ಕುಕ್ಕಿದ್ದಳು.

*

ಕಳೆದ ಜನವರಿಯ ಒಂದು ಭಾನುವಾರ. ಒಗೆದ ಬಟ್ಟೆ ಹೊತ್ತು ಮ್ಯಾನ್‌ಹಟನ್ನಿನಿಂದ ನದಿಯಾಚೆ, ಹೋಬೋಕನ್ನಿನ ಮನೆಯೊಳಗೆ ಬಂದರೆ, ಗಂಡ ಅಡುಗೆಮನೆಯ ಮೇಜಿನ ಮೇಲೆ ಏನನ್ನೋ ಪೇಪರಿನಿಂದ ಮುಚ್ಚಿದ.

"ಏನ್ರೀ ಅದು?"

"ಆಫೀಸಿಂದು. ಮುಟ್ಬೇಡ ಕಣೆ."

"ಆಫೀಸಿಂದು ಮನೆಗ್ಯಾಕೆ ಬಂತು?"

ನಕ್ಕ, ಅಷ್ಟೆ. ಬಸ್ಸಿನಲ್ಲಿ ಸಿಕ್ಕ ಕೊಡೆಯನ್ನೂ ಡ್ರೈವರಿಗೆ ಒಪ್ಪಿಸುವ ಮನುಷ್ಯ! ಅಂದೇ ಅವಳ ತಲೆಯಲ್ಲಿ ಹುಳ ಹೊಕ್ಕಿತ್ತು.

*

ಪುರೋಹಿತರು ಸಿಗದೆ ಹರಿಯೇ ಪುಸ್ತಕ ನೋಡಿ ಮಂತ್ರ ಓದಿದ. ಟೋನಿ ಹಿಂದೆ ನಿಂತು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಪಾಪಿ, ಪೊಲೀಸರನ್ನೂ ಕರೆತಂದಿದ್ದಾನೋ ಏನೋ! ಹರಿ ಗುಂಡಿ ಒತ್ತಿದ; ಪೆಟ್ಟಿಗೆ ಚಿತಾಗಾರದ ಒಲೆಯೊಳಗೆ ಸರಿಯಿತು. ಒಲೆಯ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಸದ್ಯ, ಗಂಡನ ಮಾನ ಉಳಿಯಿತು ಎಂದುಕೊಂಡಳು ಭಾನುಮತಿ.

ಆಗ ಟೋನಿ ಹತ್ತಿರ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: "ನಾಥ್ ನಿಮಗೋಸ್ಕರ ಒಂದು ಚಿತ್ರ ಬರೆದಿದ್ದ. ನಮ್ಮ ಲೈಬ್ರರಿಯಲ್ಲಿರೋದರ ನಕಲು. ಇಸವಿಯನ್ನೂ ಬಿಡಲಿಲ್ಲ. ಕಣ್ಣೊಂದು ಮಾತ್ರ ಬೇರೆ."

"ಕಣ್ಣು?"

"ಆ ಕಾಲದ ಚಿತ್ರಕಾರರಿಗೆ ಸಿಗ್ತಿದ್ದದ್ದು ಹಡಗಿನಲ್ಲಿ ಬಂದ ಸತ್ತ ಹಕ್ಕಿ. ಕಣ್ಣಿಗೆ ತೋಚಿದ ಬಣ್ಣ ಹಾಕೋರು. ನಮ್ಮದರಲ್ಲಿ ಕಂದು. ನಾಥ್ ನಗ್ತಿದ್ದ. ಇದು ನಮ್ಮೂರ ಹಕ್ಕಿ, ಕಣ್ಣು ಕೆಂಪು, ನನ್ನ ಹೆಂಡತಿ ಕಂಡ ಕೂಡಲೇ ಗುರುತು ಹಿಡೀತಾಳೆ ಅಂತಿದ್ದ."

ಕೆಂಬೂತವೆಂದೇನೋ ತಿಳಿದಿತ್ತು, ಕಣ್ಣಿನ ಗುರುತು ಹಿಡಿದಿರಲಿಲ್ಲ. ಅವಳು ನೋಡಿದ್ದು ಇಸವಿಯನ್ನು ಮಾತ್ರ.

"ಅಯ್ಯೋ ಹರೀ, ಅವರನ್ನ ಕಳ್ಳ ಅಂದ್ಕೊಂಡ್ಬಿಟ್ನಲ್ಲೋ!"

ಹರಿಗೆ ಏನೂ ತಿಳಿಯಲಿಲ್ಲ. ಅಕ್ಕನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದ. ಕಬ್ಬಿಣದ ಬಾಗಿಲಿನಾಚೆ ಬೆಂಕಿ ಮೊರೆಯುತ್ತಿತ್ತು.

"ನಿಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಅಂತ ನನ್ಹತ್ರ ಒಂದು ಕೆಲಸ ಹೇಳಿದ್ದ," ಎಂದು ಟೋನಿ ಕಾರಿನತ್ತ ಹೋದ. ಮರದ ಫ್ರೇಮೊಂದನ್ನು ತಂದ. ಗಾಜಿನ ಮೇಲೆ ಬಿದ್ದಿದ್ದ ಹಿಮವನ್ನು ಕೋಟಿನ ತೋಳಿನಿಂದ ಒರೆಸಿ, ಅದನ್ನು ಭಾನುಮತಿಯ ಮಡಿಲಲ್ಲಿಟ್ಟ. ಗಾಜಿನೊಳಗೆ ಬರಿಯ ಬಿಳಿಯ ರಟ್ಟಿತ್ತು.